ಗೆರೆಯೂ ತಂತಿಯೂ

ನನ್ನ ಕೋಣೆಗೆ ಮೊದಲ ಸಲ ಬಂದವರು ಬಾಗಿಲಲ್ಲಿಯೇ ಸ್ವಲ್ಪ ಹೊತ್ತು ನಿಂತುಬಿಡುತ್ತಾರೆ. ಗೋಡೆಗಳ ತುಂಬ ನಾನು ಹಂಪಿಯಲ್ಲಿಯೂ ಲೇಪಾಕ್ಷಿಯಲ್ಲಿಯೂ ಕುಳಿತು ಬರೆದುಕೊಂಡು ಬಂದ ಹಳೆಯ ಮಾನವಾಕೃತಿಗಳ ನಕಲುಗಳಿವೆ. ಮೂಲೆಯಲ್ಲಿ ಎರಡು ತಂಬೂರಿಗಳು, ಒಂದು ಹಳೆಯ ವೀಣೆ, ಬಿರಡೆ ಕಳೆದುಕೊಂಡ ಒಂದು ಸಾರಂಗಿ. “ನೀವು ಚಿತ್ರಗಾರರೋ, ಸಂಗೀತಗಾರರೋ?” ಎಂದು ಅವರು ಕೇಳುವುದು ಸಹಜವೇ. ನನಗೆ ಹಾಡಲು ಬಾರದು. ತಂಬೂರಿಯನ್ನು ಶ್ರುತಿಗೂಡಿಸಬಲ್ಲೆ, ವೀಣೆಯ ಧೂಳನ್ನು ಒರೆಸಬಲ್ಲೆ. ನನ್ನ ಸಂಗೀತ ಅಷ್ಟಕ್ಕೇ ಮುಗಿಯುತ್ತದೆ. ಹಾಗಿದ್ದರೂ ನಾಲ್ಕುನೂರು ವರ್ಷದ ಹಿಂದಿನ ಒಂದು ಚಿತ್ರದ ಮುಂದೆ ನಿಂತಾಗ ಆಗುವ ಸಂತೋಷಕ್ಕೂ ಹಳೆಯ ತಂಬೂರಿಯೊಂದರ ಬುರುಡೆಗೆ ಕಿವಿಯಿಟ್ಟಾಗ ಆಗುವ ಸಂತೋಷಕ್ಕೂ ನನ್ನಲ್ಲಿ ಬೇರೆ ಬೇರೆ ಹೆಸರುಗಳಿಲ್ಲ.

ಇದು ಹುಚ್ಚು ಎನ್ನುವವರಿಗೆ ನಾನು ಮೈಸೂರಿನ ಕೆ. ವೆಂಕಟಪ್ಪನವರನ್ನು ನೆನಪಿಸುತ್ತೇನೆ. ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರಂಥವರು ಅಲ್ಲಿ ಅವರ ಜೊತೆಗಾರರು. ಊರಿಗೆ ಮರಳಿದ ಮೇಲೆ ಅವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿಯತೊಡಗಿದರು. ಕಲಿಕೆ ಎಷ್ಟು ತೀವ್ರವಾಯಿತೆಂದರೆ ಕುಂಚ ಹಿಂದೆ ಬಿದ್ದಿತು. ಚಿತ್ರಲೋಕದ ಗೆಳೆಯರು ಕಳವಳಪಟ್ಟರು. ಆ ಕಳವಳವನ್ನೂ ವೆಂಕಟಪ್ಪನವರು ವ್ಯರ್ಥವಾಗಗೊಡಲಿಲ್ಲ. ತಮ್ಮ ವೀಣೆಯ ಹುಚ್ಚನ್ನೇ ವಸ್ತುವಾಗಿಟ್ಟುಕೊಂಡು 1926ರಲ್ಲಿ ಒಂದು ಚಿತ್ರವನ್ನು ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಿದೆ. ನೀವು ಆ ಕಡೆಗೆ ಹೋದಾಗ ತಪ್ಪದೆ ಒಳಗೆ ಹೋಗಿ ಬನ್ನಿ. ನನ್ನ ಹುಚ್ಚಾದರೋ ಅವರದರಷ್ಟು ದೊಡ್ಡದಲ್ಲ. ಅದು ಒಂದು ತಪ್ಪಿನಿಂದ ಬೆಳೆದದ್ದು. ಆ ತಪ್ಪನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ನವಲಿಯಲ್ಲಿ. ಆಗ ಅದು ರಾಯಚೂರು ಜಿಲ್ಲೆಯ ಗಂಗಾವತಿ ತಾಲೂಕಿಗೆ ಸೇರಿತ್ತು. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಈಚಿನ ವರ್ಷಗಳಲ್ಲಿ ನಮ್ಮೂರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ತುಂಗಭದ್ರೆಯ ಹೂಳಿನ ದೆಸೆಯಿಂದ. ಜಲಾಶಯದಲ್ಲಿ ಹೂಳು ತುಂಬಿ ನೀರು ನಿಲ್ಲುವ ಜಾಗ ಕಡಿಮೆಯಾದುದರಿಂದ ನವಲಿಯ ಬಳಿ ಇನ್ನೊಂದು ಜಲಾಶಯವನ್ನು ಕಟ್ಟುವ ಪ್ರಸ್ತಾಪ ಬಂದಿತು. ನನ್ನ ಬಾಲ್ಯದಲ್ಲಿ ಊರಿಗೆ ಅಂಥ ಪ್ರಸಿದ್ಧಿಯೇನೂ ಇರಲಿಲ್ಲ. ಭೋಗಾಪುರೇಶನೆಂಬ ಹೆಸರಿನ ಪ್ರಾಣದೇವರ ಗುಡಿಯಿತ್ತು; ಶನಿವಾರ ಸಂಜೆ ಅಲ್ಲಿ ಭಜನೆ ನಡೆಯುತ್ತಿತ್ತು. ನಮ್ಮ ಅಜ್ಜ ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡು ಮುಂದೆ ನಡೆಯುವರು. ತಾಳಗಳ ಚೀಲವನ್ನು ಹೊತ್ತುಕೊಂಡು ನಾನು ಅವರ ಹಿಂದೆ. ಹಗಲೆಲ್ಲ ಹೊಲದ ಚಿಂತೆಯಲ್ಲಿ ಮುಳುಗಿರುತ್ತಿದ್ದ ಆ ಮನುಷ್ಯ ತಂಬೂರಿ ಮೀಟಿ ದಾಸರ ಪದಕ್ಕೆ ದನಿಯೆತ್ತಿದಾಗ ನನಗೆ ಬೇರೆ ಯಾರೋ ಆಗಿ ಕಾಣುತ್ತಿದ್ದರು.

ಆ ತಂಬೂರಿ ಅವರ ಕೈಗೆ ಬರುವ ಹೊತ್ತಿಗಾಗಲೇ ಹಳೆಯದಾಗಿತ್ತು. ಮಿರಜಿನಲ್ಲಿ ಮಾಡಿದ್ದು ಎಂದಷ್ಟೇ ಅವರು ಹೇಳುತ್ತಿದ್ದರು. ದೊಡ್ಡ ಸೋರೆಯ ಬುರುಡೆ, ಉದ್ದನೆಯ ದಂಡಿ, ನಾಲ್ಕು ತಂತಿ. ಬುರುಡೆಯ ಬಾಯನ್ನು ಮುಚ್ಚಿದ ತೆಳುಹಲಗೆಯ ಮೇಲೆ ಅಂಗೈ ಸೋಕಿ ಸೋಕಿ ಕಪ್ಪಾದ ಒಂದು ಗುರುತಿತ್ತು. ತಂತಿಗಳು ಹಾದುಹೋಗುವ ಅಗಲವಾದ ಕುದುರೆಯ ಮೇಲೆ ನಾಲ್ಕು ಸಣ್ಣ ಗೀರುಗಳು ಬಿದ್ದಿದ್ದವು. ಕುದುರೆಗೂ ತಂತಿಗೂ ನಡುವೆ ಅಜ್ಜ ಒಂದೊಂದು ನೂಲಿನ ಎಳೆಯನ್ನು ಸಿಕ್ಕಿಸಿ, ಕಣ್ಣುಮುಚ್ಚಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಒಂದು ಕ್ಷಣದಲ್ಲಿ ದನಿ ಹೂವಿನಂತೆ ಬಿಚ್ಚಿಕೊಳ್ಳುತ್ತಿತ್ತು. ಆ ನೂಲಿಗೆ ಜೀವಾಳವೆಂದು ಹೆಸರು. ಯಾರು ಇಟ್ಟ ಹೆಸರೋ, ಇದಕ್ಕಿಂತ ಒಪ್ಪುವ ಮಾತು ಇನ್ನೊಂದಿಲ್ಲ.

ಚಿತ್ರದ ಗೀಳು ಹತ್ತಿದುದು ಕನಕಗಿರಿಯಲ್ಲಿ. “ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು” ಎಂಬ ಗಾದೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ನವಲಿಗೆ ಅದು ದೂರದ ಊರಲ್ಲ. ವಿಜಯನಗರದ ಕಾಲದ ನಾಯಕರು ಬೆಳೆಸಿದ ಕನಕಾಚಲಪತಿಯ ಗುಡಿಯಲ್ಲಿ ಕಲ್ಲಿನ ರಾಜರಾಣಿಯರಿದ್ದಾರೆ, ಗಾರೆಯ ದೊಡ್ಡ ದೊಡ್ಡ ಮೂರ್ತಿಗಳಿವೆ, ಪುರಾಣದ ಕಥೆಗಳನ್ನು ಹೇಳುವ ಮರದ ಬೊಂಬೆಗಳಿವೆ. ಜಾತ್ರೆಗೆ ಹೋದವನು ತೇರನ್ನು ಬಿಟ್ಟು ಆ ಬೊಂಬೆಗಳ ಮುಂದೆ ನಿಂತುಬಿಡುತ್ತಿದ್ದೆ. ಅವು ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಇಂದಿಗೂ ಮಾಡುವ ಬೊಂಬೆಗಳ ಬಳಗಕ್ಕೆ ಸೇರಿದವೆಂದು ಮುಂದೆ ತಿಳಿಯಿತು. ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸಂದುಗಳಿಗೆ ಸೆಣಬಿನ ನಾರು, ಮರದ ಹೊಟ್ಟು, ಅಂಟು ಸೇರಿಸಿ ಅರೆದ ಕಿಟ್ಟವನ್ನು ತುಂಬುತ್ತಾರೆ. ಬಟ್ಟೆಯ ಚೂರುಗಳನ್ನು ಮೇಲೆ ಅಂಟಿಸಿ, ಬಿಳಿಯ ಹದವನ್ನು ಬಳಿದು, ಆಮೇಲೆ ಬಣ್ಣಕ್ಕೆ ಕೈಹಾಕುತ್ತಾರೆ. ಕಣ್ಣನ್ನು ಬರೆಯುವುದು ಕೊನೆಗೆ. ಹಂಪಿಯ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರೇ ಎಂದು ಆ ಮನೆತನಗಳಲ್ಲಿ ಹೇಳಿಕೊಂಡು ಬಂದಿದ್ದಾರೆ.

ಹಂಪಿಯ ಆ ಚಿತ್ರಗಳನ್ನು ನಾನು ಮೊದಲು ನೋಡಿದುದು ಹೈಸ್ಕೂಲಿನಲ್ಲಿದ್ದಾಗ, ನಿಮ್ಮ ವಯಸ್ಸಿನಲ್ಲಿ. ವಿರೂಪಾಕ್ಷನ ಗುಡಿಯ ಮಹಾರಂಗಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗಾಗಿ ಕಟ್ಟಿಸಿದನೆಂದು 1510ರ ಶಾಸನ ಹೇಳುತ್ತದೆ. ಭಕ್ತರೆಲ್ಲ ಎದುರಿಗೆ ನೋಡುತ್ತ ನಡೆಯುತ್ತಾರೆ. ಚಿತ್ರಗಳಿರುವುದು ನೆತ್ತಿಯ ಮೇಲೆ. ಕತ್ತು ನೋಯತೊಡಗಿದಾಗ ನಾನು ನೆಲದ ಮೇಲೆ ಅಂಗಾತ ಮಲಗಿಬಿಟ್ಟೆ. ಅರ್ಜುನನು ಮತ್ಸ್ಯಯಂತ್ರಕ್ಕೆ ಬಾಣ ಹೂಡಿದ್ದಾನೆ. ಮನ್ಮಥನು ತಪಸ್ಸಿನ ಶಿವನಿಗೆ ಗುರಿಯಿಟ್ಟಿದ್ದಾನೆ. ಗಿರಿಜೆಯ ಮದುವೆ ನಡೆಯುತ್ತಿದೆ. ಒಂದು ಕಡೆ ಯತಿಯೊಬ್ಬರು ಪಲ್ಲಕ್ಕಿಯಲ್ಲಿ ಕುಳಿತಿದ್ದಾರೆ. ಅವರು ವಿದ್ಯಾರಣ್ಯರೆಂದು ಹೇಳುತ್ತಾರೆ. ಕೆಮ್ಮಣ್ಣಿನ ಬಣ್ಣ, ಹಳದಿ, ಹಸಿರು, ಬಿಳುಪು. ಇವುಗಳನ್ನೆಲ್ಲ ಹಿಡಿದು ನಿಲ್ಲಿಸಿದ ಕಪ್ಪು ಗೆರೆ. ಆ ಗೆರೆಯಲ್ಲಿ ನೆರಳಿಲ್ಲ, ಮಾಂಸದ ಉಬ್ಬುತಗ್ಗಿಲ್ಲ. ಆದರೂ ಭುಜದಿಂದ ಮೊಣಕೈಗೆ ಇಳಿಯುವಲ್ಲಿ ಅದು ತುಸು ದಪ್ಪವಾಗಿ, ಮಣಿಕಟ್ಟಿನಲ್ಲಿ ಸಣ್ಣಗಾಗಿ, ಬೆರಳ ತುದಿಯಲ್ಲಿ ನಿಂತಂತೆ ಮಾಡಿ ಮತ್ತೆ ಹೊರಡುತ್ತದೆ. ಬರೆದವನು ಎಲ್ಲಿ ಕುಂಚವನ್ನು ಒತ್ತಿದ, ಎಲ್ಲಿ ಸಡಿಲಿಸಿದ, ಎಲ್ಲಿ ಉಸಿರು ಬಿಟ್ಟ ಎಂಬುದೆಲ್ಲ ಕಾಣುತ್ತಿತ್ತು. ಈ ಚಿತ್ರಗಳ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿಜಯನಗರದ ಕಾಲದವೆಂದು ಕೆಲವರು ಹೇಳಿದರೆ, ಈಗ ಕಾಣುವುದರಲ್ಲಿ ಬಹುಪಾಲು ಎಷ್ಟೋ ಕಾಲದ ಮೇಲೆ ಬರೆದುದೆಂದು ಇನ್ನು ಕೆಲವರು ವಾದಿಸುತ್ತಾರೆ. ಮುಂದೆ ಲೇಪಾಕ್ಷಿಯ ವೀರಭದ್ರನ ಗುಡಿಯನ್ನು ನೋಡಿದಾಗ ಖಚಿತವಾಗಿ 16ನೆಯ ಶತಮಾನದ ಕೈಬರಹ ಸಿಕ್ಕಿತು. ಅಲ್ಲಿನ ಹೆಂಗಸರ ಸೀರೆಯ ಅಂಚುಗಳನ್ನು ನಕಲು ಮಾಡುವುದರಲ್ಲಿಯೇ ನನಗೆ ಎರಡು ರಜೆಗಳು ಕಳೆದವು.

ಇಷ್ಟೆಲ್ಲ ನೋಡಿದವನಿಗೆ ಹಳೆಯದನ್ನು ಹೇಗೆ ಮುಟ್ಟಬೇಕೆಂಬ ವಿವೇಕ ಇರಬೇಕಾಗಿತ್ತು. ಇರಲಿಲ್ಲ.

ಚಿತ್ರಕಲೆಯನ್ನು ಕಲಿಯಲು ನಾನು ಗದಗಿಗೆ ಹೋದೆ. ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿರುವ ಊರು ಅದು. ಬೆಳಗಿನ ಹೊತ್ತು ಆಶ್ರಮದ ದಿಕ್ಕಿಗೆ ನಡೆದುಹೋದರೆ ಸಾಧಕರ ಸ್ವರಗಳು ಕಿವಿಗೆ ಬೀಳುತ್ತಿದ್ದವು. ನನ್ನ ಗಮನವೆಲ್ಲ ಆಗ ಬಣ್ಣದ ಕಡೆಗೆ. ಮರದ ಮೇಲೆ ಮೆರುಗು ಕೊಡುವುದನ್ನು ಆ ವರ್ಷವಷ್ಟೇ ಕಲಿತಿದ್ದೆ. 1972ರ ಬೇಸಗೆಯ ರಜೆಗೆ ಊರಿಗೆ ಬಂದಾಗ ಅಜ್ಜ ನೆಂಟರ ಮನೆಯ ಮದುವೆಗೆಂದು ನಾಲ್ಕು ದಿನ ಹೊರಗೆ ಹೋಗಿದ್ದರು. ಗೂಟಕ್ಕೆ ತೂಗುಹಾಕಿದ್ದ ತಂಬೂರಿ ಕಣ್ಣಿಗೆ ಬಿದ್ದಿತು. ಮಾಸಿದ ಬುರುಡೆ, ಕಪ್ಪಾದ ಹಲಗೆ, ಗೀರುಬಿದ್ದ ಕುದುರೆ. ಅಜ್ಜ ಬರುವುದರೊಳಗೆ ಅದನ್ನು ಹೊಸದರಂತೆ ಮಾಡಿ ಇಟ್ಟರೆ ಅವರಿಗೆ ಎಷ್ಟು ಹಿಗ್ಗಾದೀತು ಎಂದುಕೊಂಡೆ.

ತಂತಿಗಳನ್ನು ಬಿಚ್ಚಿದೆ. ಮರಳುಕಾಗದದಿಂದ ಹಲಗೆಯನ್ನೂ ದಂಡಿಯನ್ನೂ ಬಿಳಿಯ ಮರ ಕಾಣುವವರೆಗೆ ಉಜ್ಜಿದೆ. ಅಂಗೈಯ ಆ ಕಪ್ಪು ಗುರುತು ಬೇಗ ಹೋಗಲಿಲ್ಲ. ಅದಕ್ಕೆ ಇನ್ನಷ್ಟು ಉಜ್ಜಿದೆ. ಕುದುರೆಯ ಗೀರುಗಳನ್ನು ಅರದಿಂದ ತಿಕ್ಕಿ ಕನ್ನಡಿಯಂತೆ ಸಮತಟ್ಟು ಮಾಡಿದೆ. ಆಮೇಲೆ ಪೇಟೆಯಿಂದ ತಂದ ಎಣ್ಣೆಯ ವಾರ್ನಿಷನ್ನು ಒಂದರ ಮೇಲೊಂದರಂತೆ ಮೂರು ಸಲ ಬಳಿದೆ. ಬುರುಡೆಯ ಸುತ್ತ ಲೇಪಾಕ್ಷಿಯ ಸೀರೆಯ ಅಂಚಿನಂಥ ಒಂದು ಬಳ್ಳಿಯನ್ನೂ ಬರೆದೆ. ಓಣಿಯವರು ಬಂದು ನೋಡಿ ಹೊಗಳಿದರು. ನೂಲಿನ ಹಳೆಯ ಎಳೆಗಳು ಜಿಡ್ಡಾಗಿದ್ದವು. ಅವನ್ನು ಕಸದೊಡನೆ ಎಸೆದೆ.

ಅಜ್ಜ ಬಂದರು. ತಂಬೂರಿಯನ್ನು ಬೆಳಕಿಗೆ ಹಿಡಿದು ನೋಡಿದರು. ಹೊಸ ತಂತಿ ಕಟ್ಟಿ, ಹೊಸ ನೂಲು ಸಿಕ್ಕಿಸಿ ಮೀಟಿದರು. ದನಿ ಬಂದಿತು, ಆದರೆ ಹಲಗೆಯನ್ನು ಬೆರಳಿನಿಂದ ಕುಟ್ಟಿದಂಥ ದನಿ. ಅವರು ನೂಲನ್ನು ಮುಂದೆ ಸರಿಸಿದರು, ಹಿಂದೆ ಸರಿಸಿದರು. ದೀಪ ಹಚ್ಚುವ ಹೊತ್ತಿನವರೆಗೂ ಕುಳಿತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, “ಚಂದ ಕಾಣಸ್ತದಪಾ ತಮ್ಮಾ. ಆದರ ಉಸಿರು ಕಟ್ಟೇದ ಅದಕ್ಕ” ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ವರ್ಷ ಅದು ಕಿವಿಯಲ್ಲಿ ಉಳಿಯುತ್ತಿರಲಿಲ್ಲವೇನೋ. ಆ ಶನಿವಾರದಿಂದ ಅವರು ಹಾರ್ಮೋನಿಯಂ ಪೆಟ್ಟಿಗೆಯ ಶ್ರುತಿಗೆ ಹಾಡತೊಡಗಿದರು. ತಂಬೂರಿ ಗೂಟದ ಮೇಲೆಯೇ ಇತ್ತು. ಎರಡು ವರ್ಷಗಳ ಬಳಿಕ ಅಜ್ಜ ತೀರಿಕೊಂಡರು. ಅವರನ್ನು ನೋಡಲು ಬಂದವರು ಗೋಡೆಯ ಕಡೆ ಬೆರಳು ಮಾಡಿ, “ಎಷ್ಟು ಛಲೋ ಇಟ್ಟಾರ ನೋಡ್ರಿ ತಂಬೂರಿನ” ಎಂದು ಮಾತಾಡಿಕೊಂಡರು.

ಅಂದಿನಿಂದ ಬಹಳ ಕಾಲ ನಾನು ಸಂಗೀತವಿದ್ದ ಕಡೆಗೆ ಹೋಗುತ್ತಿರಲಿಲ್ಲ. ಚಿತ್ರಕಲೆಯ ಶಿಕ್ಷಕನಾಗಿ ವಿಜಯಪುರಕ್ಕೆ ಹೋದಾಗ — ಆಗ ಅದನ್ನು ಬಿಜಾಪುರವೆಂದೇ ಕರೆಯುತ್ತಿದ್ದರು — ಒಂದು ಪುಸ್ತಕದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಚಿತ್ರವೊಂದನ್ನು ಕಂಡೆ. ಒಂಬತ್ತು ವರ್ಷದ ಹುಡುಗನಾಗಿ 1580ರಲ್ಲಿ ಪಟ್ಟವೇರಿದ ಈ ದೊರೆ 1627ರವರೆಗೆ ಆಳಿದನು. ಗೋಲಗುಮ್ಮಟವನ್ನು ಕಟ್ಟಿಸಿದವನು ಇವನ ಮಗ. ಇವನು ಕಟ್ಟಿಸಿದ್ದು ನವರಸಪುರವೆಂಬ ಹೊಸ ಊರನ್ನು. ಬರೆದದ್ದು ‘ಕಿತಾಬೆ ನವರಸ್’ ಎಂಬ ದಖನಿ ಭಾಷೆಯ ಹಾಡುಗಳ ಪುಸ್ತಕವನ್ನು. ಅದರಲ್ಲಿ ಅವನು ಸರಸ್ವತಿಯನ್ನೂ ಗಣಪತಿಯನ್ನೂ ನೆನೆದಿದ್ದಾನೆ. ಜನ ಅವನನ್ನು ಜಗದ್ಗುರು ಬಾದಶಹನೆಂದು ಕರೆದರು. ಅವನ ಬಳಿ ಒಂದು ತಂಬೂರಿಯಿತ್ತು. ಅದಕ್ಕೆ ಅವನು ಮೋತಿಖಾನನೆಂದು ಹೆಸರಿಟ್ಟಿದ್ದನು! ಮೆಚ್ಚಿನ ಆನೆಗೆ ಆತಿಶಖಾನನೆಂದು ಹೆಸರಿಟ್ಟಂತೆಯೇ ತಂತಿವಾದ್ಯಕ್ಕೂ ಒಂದು ಹೆಸರು. ಅದರ ಮೇಲೆ ಹಾಡುಗಳು.

ನಾನು ಕಂಡ ಚಿತ್ರದಲ್ಲಿ ದೊರೆ ಅಂಥ ಒಂದು ವಾದ್ಯವನ್ನು ನುಡಿಸುತ್ತಿದ್ದಾನೆ. ಬರೆದವನು ಇರಾನಿನಿಂದ ಬಂದ ಫರ್ರುಖ್ ಬೇಗ್. ಮೂಲಚಿತ್ರ ಈಗ ದೂರದ ಪ್ರಾಗ್ ನಗರದ ಒಂದು ವಸ್ತುಸಂಗ್ರಹಾಲಯದಲ್ಲಿದೆ. ರಾಜರ ಚಿತ್ರಗಳೆಂದರೆ ಕತ್ತಿ, ಗಿಡುಗ, ಸಿಂಹಾಸನ ಎಂದು ತಿಳಿದಿದ್ದ ನನಗೆ, ಆಯುಧವಿರಬೇಕಾದ ಕೈಯಲ್ಲಿ ತಂತಿಯನ್ನು ಕಂಡು ಸೋಜಿಗವಾಯಿತು. ಇನ್ನೂ ಒಂದು ಮಾತು ಹೊಳೆಯಿತು. ನಾನು ಮಲಗಿ ನೋಡಿದ ಲೇಪಾಕ್ಷಿಯ ಛಾವಣಿ, ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ವೀಣೆಯ ಮೆಟ್ಟಿಲುಗಳ ಲೆಕ್ಕವನ್ನು ಬರೆದ ‘ಸ್ವರಮೇಳಕಲಾನಿಧಿ’, ತಂಬೂರಿಯೊಡನೆ ಊರೂರು ತಿರುಗಿದ ಪುರಂದರದಾಸರು, ಬಿಜಾಪುರದ ಈ ಚಿತ್ರ — ಎಲ್ಲವೂ ನೂರು ವರ್ಷಗಳೊಳಗಿನವು, ಕೃಷ್ಣೆ ತುಂಗಭದ್ರೆಗಳ ಆಚೀಚಿನವು. ಅದೇ ನೂರು ವರ್ಷದಲ್ಲಿ, 1565ರಲ್ಲಿ, ಈ ಎರಡು ರಾಜ್ಯಗಳ ನಡುವೆ ಘೋರಯುದ್ಧವೂ ನಡೆಯಿತು. ನಮ್ಮ ಇತಿಹಾಸದ ಪಾಠಗಳಲ್ಲಿ ಯುದ್ಧಕ್ಕೆ ಸಿಕ್ಕಷ್ಟು ಜಾಗ ತಂಬೂರಿಗೆ ಸಿಕ್ಕಿಲ್ಲ.

ವಿಜಯಪುರದ ಪೂರ್ವಕ್ಕೆ ಕುಮಟಗಿಯೆಂಬ ಊರಿದೆ. ಆದಿಲಶಾಹರು ಬೇಸಗೆಯಲ್ಲಿ ತಂಪಿಗೆಂದು ಕಟ್ಟಿಸಿದ ಜಲಮಹಲುಗಳು ಅಲ್ಲಿವೆ. ಒಂದು ಮಹಲಿನ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರ, ಕುಸ್ತಿಯಾಡುವವರ ಚಿತ್ರಗಳಿದ್ದವು. ಸೈಕಲ್ಲಿನಲ್ಲಿ ಒಂದು ಭಾನುವಾರ ಹೋದೆ. ನೋಡಲು ಬಂದವರು ಮೊಳೆಯಿಂದಲೋ ಇದ್ದಲಿಯಿಂದಲೋ ತಮ್ಮ ಹೆಸರುಗಳನ್ನು ಬರೆದು ಬರೆದು, ಚಿತ್ರ ಯಾವುದು ಹೆಸರು ಯಾವುದು ತಿಳಿಯದಂತಾಗಿತ್ತು. ಸಿಟ್ಟು ಬಂದಿತು. ಆ ಸಿಟ್ಟಿನಲ್ಲಿಯೇ ಮರಳುಕಾಗದದ ಸದ್ದು ನನ್ನ ಕಿವಿಯಲ್ಲಿ ಕೇಳಿಸಿತು. ಅವರು ಹೆಸರು ಬರೆದಿದ್ದರು, ನಾನು ಬಳ್ಳಿ ಬರೆದಿದ್ದೆ. ಮುಂದಿನ ರಜೆಯಲ್ಲಿ ನವಲಿಗೆ ಹೋಗಿ, ತಂಬೂರಿಯನ್ನು ಗೂಟದಿಂದ ಇಳಿಸಿ, ಹಳೆಯ ಕಂಬಳಿಯಲ್ಲಿ ಸುತ್ತಿ ಮಿರಜಿಗೆ ಕೊಂಡೊಯ್ದೆ. ಅದು 1983ನೆಯ ಇಸವಿ.

ಮಿರಜಿನಲ್ಲಿ ತಂತಿವಾದ್ಯಗಳನ್ನು ಮಾಡುವ ಮನೆಗಳು ಇರುವ ಒಂದು ಬೀದಿಯೇ ಇದೆ. ಅವರ ಹಿರಿಯರು ಶಿಕಲಗಾರರು, ಎಂದರೆ ಕತ್ತಿ ಮುಂತಾದ ಆಯುಧಗಳಿಗೆ ಸಾಣೆ ಹಿಡಿಯುವವರು. ಆ ಕೆಲಸ ಕಡಿಮೆಯಾದಾಗ, 19ನೆಯ ಶತಮಾನದ ನಡುವಿನಲ್ಲಿ, ಫರೀದಸಾಹೇಬರೆಂಬವರು ವಾದ್ಯಗಳ ಕಡೆಗೆ ತಿರುಗಿದರು. ಕತ್ತಿಯ ಅಲಗಿನ ಮೇಲೆ ಪಳಗಿದ ಕೈಗೆ ತಂಬೂರಿಯ ಕುದುರೆ ಒಲಿಯಿತು. ಸೋರೆ ಬರುವುದು ಪಂಢರಪುರದ ಕಡೆಯ ಭೀಮಾತೀರದಿಂದ. ಅಡುಗೆಯ ಸೋರೆಯಲ್ಲ, ಕಹಿಯಾದ, ಗಟ್ಟಿ ತೊಗಟೆಯ, ವಾದ್ಯಕ್ಕೆಂದೇ ಬೆಳೆದು ಒಣಗಿಸಿದ ಸೋರೆ. ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು; ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಹೀಗಾಗಿ ಧಾರವಾಡ, ಹುಬ್ಬಳ್ಳಿಗಳ ಎಷ್ಟೋ ಗಾಯಕರ ಬೆನ್ನ ಹಿಂದೆ ಮೊಳಗಿದ್ದು ಮಿರಜಿನ ತಂಬೂರಿಗಳೇ. 2024ರಲ್ಲಿ ಮಿರಜಿನ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ನಾನು ಹೋದ ಅಂಗಡಿಯ ಮುದುಕರು ಕಂಬಳಿಯನ್ನು ಬಿಚ್ಚಿ, ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. “ಯಾರು ಮಾಡಿದ್ರಿ ಇದನ್ನ?” ಎಂದು ಕೇಳಿದರು. ನಾನೇ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ ನಕ್ಕರು. “ಬಳ್ಳಿ ಮಾತ್ರ ಛಲೋ ಐತಿ” ಎಂದರು. ಆಮೇಲೆ ವಿವರಿಸಿದರು. ತಂಬೂರಿಯ ಕುದುರೆ ಸಮತಟ್ಟಾಗಿ ಕಂಡರೂ ಸಮತಟ್ಟಲ್ಲ. ಅದಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರಿದೆ. ತಂತಿ ನಡುಗುವಾಗ ಆ ಇಳಿಜಾರನ್ನು ಮತ್ತೆ ಮತ್ತೆ ಸೋಕುತ್ತದೆ. ಸೋಕಿದಾಗಲೆಲ್ಲ ಮೂಲಸ್ವರದ ಒಳಗಿನಿಂದ ಸಣ್ಣ ಸಣ್ಣ ಸ್ವರಗಳು ಚಿಮ್ಮುತ್ತವೆ. ತಂತಿ ಎಲ್ಲಿ ಕುದುರೆಯನ್ನು ಬಿಟ್ಟು ಹೊರಡಬೇಕೆಂಬುದನ್ನು ನೂಲಿನ ಎಳೆ ಗೊತ್ತುಮಾಡುತ್ತದೆ. ಗೀರುಬಿದ್ದ ಕುದುರೆಯನ್ನು ಆಗಾಗ ತೀಡಬೇಕಾದದ್ದೂ ನಿಜವೇ. ಜವಾರಿ ತೆಗೆಯುವುದು ಎನ್ನುತ್ತಾರೆ. ನಾನು ತೀಡಿದುದು ತಪ್ಪಲ್ಲ, ಇಳಿಜಾರನ್ನು ತಿಳಿಯದೆ ತೀಡಿದುದು ತಪ್ಪು. ಮೇಲೆ ಬಳಿದ ದಪ್ಪ ವಾರ್ನಿಷು ತೆಳುಹಲಗೆಯನ್ನು ಕಂಬಳಿ ಹೊದಿಸಿದಂತೆ ಅಮುಕಿಹಿಡಿದಿತ್ತು.

ಹಲಗೆಯನ್ನೇ ಬದಲಿಸಿ ಹೊಸದನ್ನು ಹಾಕಿಕೊಡಿ ಎಂದು ನಾನು ಕೇಳಿಕೊಂಡೆ. ಅವರು ಒಪ್ಪಲಿಲ್ಲ. “ಹಳೇ ಕಟಗಿ ಐತ್ರಿ. ಅದರ ದನಿ ಸತ್ತಿಲ್ಲ. ಸ್ವಲ್ಪ ತಡೀರಿ” ಎಂದರು. ಎಂಟು ದಿನ ನಾನು ಮಿರಜಿನಲ್ಲಿ ಉಳಿದೆ. ಅವರು ವಾರ್ನಿಷನ್ನು ಉಜ್ಜಿ ತೆಗೆಯಲಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮೆತ್ತಗೆ ಮಾಡಿ, ಬೆರಳಗಲದಷ್ಟು ಜಾಗವನ್ನು ಒಂದು ಸಲಕ್ಕೆ ಹೆರೆಯುತ್ತಿದ್ದರು. ನಡುನಡುವೆ ನಿಲ್ಲಿಸಿ ತಟ್ಟಿ ಕೇಳುತ್ತಿದ್ದರು. ನನ್ನ ಬಳ್ಳಿಯನ್ನು ನಾನೇ ತೆಗೆಯುವೆನೆಂದಾಗ ಆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಕೊನೆಗೆ ಅರಗಿನ ತೆಳ್ಳನೆಯ ಮೆರುಗು. ಹೊಸ ಕುದುರೆಯನ್ನು ತೀಡಿದ ದಿನ ಅವರು ಯಾರೊಡನೆಯೂ ಮಾತಾಡಲಿಲ್ಲ. ಸಂಜೆ ನಾಲ್ಕು ತಂತಿಗಳೂ ಒಟ್ಟಿಗೆ ನುಡಿದವು. ದನಿ ಬಿಚ್ಚಿಕೊಂಡಿತು. ಅದು ಅಜ್ಜನ ತಂಬೂರಿಯ ದನಿಯೇ ಆಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಅದೇ ಊರಿನ, ಅದೇ ಮನೆತನದ, ಬೇರೊಬ್ಬರ ದನಿಯಂತೆ ಇತ್ತು. ನಾನು ಉಜ್ಜಿ ಕಳೆದಷ್ಟು ಮರ ಕಳೆದೇ ಹೋಗಿತ್ತು. ಕೇಳಬೇಕಾಗಿದ್ದ ಕಿವಿಯೂ ಇರಲಿಲ್ಲ.

ಅಂದಿನಿಂದ ಹಳೆಯ ವಾದ್ಯಗಳು ನನ್ನ ಮನೆಯನ್ನು ಸೇರತೊಡಗಿದವು. ಮನೆಯಲ್ಲಿ ಒಲೆಗೆ ಹಾಕುವುದಕ್ಕಿಂತ ನಿಮಗೆ ಕೊಟ್ಟರಾಯಿತು ಎಂದು ಕೊಟ್ಟವರಿದ್ದಾರೆ. ಅವುಗಳನ್ನು ನಾನು ರಿಪೇರಿ ಮಾಡುವುದಿಲ್ಲ. ಒರೆಸುತ್ತೇನೆ, ಬಿಸಿಲು ತಾಕದಂತೆ ಇಡುತ್ತೇನೆ, ಬಲ್ಲವರ ಬಳಿಗೆ ಒಯ್ಯುತ್ತೇನೆ.

ನಿವೃತ್ತನಾಗಿ ಊರಿನ ಕಡೆಗೆ ಮರಳಿದ ಮೇಲೆ ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ಈ ಕಥೆ ಪೂರ್ತಿಯಾಗದು. ನಮ್ಮ ಸೀಮೆಯ ಒಂದು ಹಳ್ಳಿಯ ಹಿರಿಯರು ನನ್ನಲ್ಲಿಗೆ ಬಂದರು. ಅವರ ಗುಡಿಯಲ್ಲಿ ತೇರಿನ ಕಾಲಕ್ಕೆ ಹೊರಗೆ ತರುವ ಹನ್ನೆರಡು ಮರದ ಬೊಂಬೆಗಳಿದ್ದವು. ಜಾತ್ರೆಗೆ ಹದಿನೈದು ದಿನ ಉಳಿದಿತ್ತು. ದಾನಿಯೊಬ್ಬರು ಎಣ್ಣೆಬಣ್ಣದ ಡಬ್ಬಿಗಳನ್ನೂ ಕೂಲಿಯ ಹಣವನ್ನೂ ಕೊಟ್ಟಿದ್ದರು. ಬಣ್ಣ ಹಚ್ಚಿಕೊಡಬೇಕೆಂದು ಅವರ ಬೇಡಿಕೆ. ಹೋಗಿ ನೋಡಿದೆ. ಎಣ್ಣೆದೀಪದ ಮಸಿಯಿಂದ ಎಲ್ಲವೂ ಒಂದೇ ಕಪ್ಪು. ಒಣಗಿದ ಮೆತ್ತನೆಯ ಕುಂಚದಿಂದ ಒಂದು ಬೊಂಬೆಯ ಧೂಳನ್ನು ಸರಿಸುತ್ತ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಣ್ಣು ಕಂಡಿತು; ಉದ್ದನೆಯ, ಕಿವಿಯತ್ತ ಸರಿದ ಕಣ್ಣು. ಆಮೇಲೆ ಮೂಗುತಿ, ಕೆಂಪು ಕುಪ್ಪಸ. ಎದೆಗೆ ಅಡ್ಡವಾಗಿ ಎರಡು ಬುರುಡೆಗಳ ಕೋಲುವೀಣೆ. ಭುಜದಿಂದ ಇಳಿದ ಗೆರೆ ಮೊಣಕೈಯಲ್ಲಿ ದಪ್ಪವಾಗಿ, ಬೆರಳ ತುದಿಯಲ್ಲಿ ನಿಂತಿತ್ತು.

ಹಿರಿಯರಿಗೆ ನನ್ನ ಮನಸ್ಸನ್ನು ಹೇಳಿದೆ: ಬಣ್ಣ ಹಚ್ಚುವುದು ಬೇಡ, ಧೂಳು ಮಾತ್ರ ತೆಗೆಯೋಣ, ಕಿನ್ನಾಳದ ಬಲ್ಲವರನ್ನು ಕರೆಸಿ ತೋರಿಸೋಣ, ನನಗೆ ಕೂಲಿ ಬೇಡ. ಅವರು ಒಪ್ಪಲಿಲ್ಲ. ಅವರ ಮಾತಿನಲ್ಲಿಯೂ ನ್ಯಾಯವಿತ್ತು. “ಸರ, ವರ್ಷಕ್ಕ ಒಮ್ಮೆ ಹೊರಗ ಬರತಾವ ದೇವರು. ಮಸಿ ಬಳಕೊಂಡು ಬರಬೇಕೇನ್ರಿ?” ಎಂದು ಒಬ್ಬರು ಕೇಳಿದರು. ಈ ಬೊಂಬೆಗಳು ಪೂಜ್ಯವಸ್ತುಗಳು, ವಸ್ತುಸಂಗ್ರಹಾಲಯದವಲ್ಲ. ನನ್ನ ಅಜ್ಜನ ತಂಬೂರಿಯೂ ಹಾಡುವುದಕ್ಕೆ ಇದ್ದದ್ದೇ. ನಾನು ಸುಮ್ಮನಾದೆ. ಆಗ ಕಸ ಗುಡಿಸಲು ಬಂದಿದ್ದ ಒಬ್ಬ ಮುದುಕಿ ಆ ಕಣ್ಣನ್ನು ನೋಡಿ, “ಯವ್ವಾ, ಈಕಿ ನೋಡಾಕತ್ತಾಳಲ್ಲೋ! ಈಕೀನ ಹಂಗ ಬಿಡ್ರೆಪಾ” ಎಂದಳು. ಅವಳ ಮಾತಿಗೆ ಆ ಒಂದು ಬೊಂಬೆ ಉಳಿಯಿತು. ಉಳಿದ ಹನ್ನೊಂದಕ್ಕೆ ಬಣ್ಣ ಹಚ್ಚಿದವನು ನನ್ನ ಹಳೆಯ ವಿದ್ಯಾರ್ಥಿ. ಅಚ್ಚುಕಟ್ಟಾದ ಕೆಲಸವೇ. ನನ್ನನ್ನು ಕಂಡು ಸಂಕೋಚಪಟ್ಟ. ನಾನು ಅವನ ಬೆನ್ನು ತಟ್ಟಿದೆ. ಇನ್ನೇನು ಮಾಡಬಹುದಿತ್ತೆಂದು ಈಗಲೂ ಯೋಚಿಸುತ್ತಿರುತ್ತೇನೆ.

ಜಾತ್ರೆಯ ರಾತ್ರಿ ಭಜನೆಗೆಂದು ತಂಬೂರಿಯನ್ನು ಒಯ್ದಿದ್ದೆ. ವಿದ್ಯುದ್ದೀಪಗಳ ಕೆಳಗೆ ಹನ್ನೊಂದು ಬೊಂಬೆಗಳು ಥಳಥಳಿಸುತ್ತಿದ್ದವು. ವೀಣೆಯವಳು ಕಂಬದ ಮರೆಯಲ್ಲಿದ್ದಳು. ನಾನು ಅವಳ ಪಕ್ಕದಲ್ಲಿ ಕುಳಿತು ಪಂಚಮದ ತಂತಿಯನ್ನು ಕೂಡಿಸಿ, ಜೀವಾಳವನ್ನು ಸರಿಸುತ್ತಿದ್ದೆ. ಎಂಟು ಹತ್ತು ವರ್ಷದ ಹುಡುಗನೊಬ್ಬ ಬಂದು ಅವಳ ಮುಂದೆ ನಿಂತ.

“ಅಜ್ಜಾ, ಈಕಿಗೆ ಬಣ್ಣ ಹಚ್ಚೂದು ಮರತಾರೇನು?”

“ಇಲ್ಲ. ಹತ್ತರ ಬಂದು ಆಕಿ ಕೈ ನೋಡು” ಎಂದೆ.

ಅವನು ಬಗ್ಗಿ, ಬೊಂಬೆಯ ಬೆರಳುಗಳನ್ನೂ ನನ್ನ ಬೆರಳುಗಳನ್ನೂ ಬಹಳ ಹೊತ್ತು ನೋಡಿದ. “ಆಕಿ ವೀಣಾಕ್ಕ ತಂತೀನ ಇಲ್ಲಲ್ಲ” ಎಂದ. ಹೌದು ಎಂದೆ. ಅವನು ಅಲ್ಲಿಯೇ, ಅವಳ ಪಾದದ ಬಳಿ, ಕುಳಿತುಕೊಂಡ. ನಾನು ಎರಡನೆಯ ತಂತಿಗೆ ಕೈಹಾಕಿದೆ.